ಸ್ಕ್ಯಾನ್ ರಿಪೋರ್ಟ್ ಬದಿಗಿಡಿ, ಕ್ಯಾಲೆಂಡರ್ ತೆಗೀರಿ

ಹೋದ ಸಂಚಿಕೆಯಲ್ಲಿ ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೊಟ್ಟೆನೋವಿನ ಮಾತು ಕಡಿಮೆ, ಪಿಸಿಒಡಿ ಮಾತೇ ಜಾಸ್ತಿ. ಪಿಸಿಒಡಿ ಅಂದರೆ ಪಾಲಿಸಿಸ್ಟಿಕ್ ಓವರಿ, ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಪ್ಪುವ ತೊಂದರೆ. ಒಬ್ಬರಂತೂ ಸ್ಕ್ಯಾನ್ ಫಿಲ್ಮನ್ನೇ ನಾಲ್ಕಾಗಿ ಮಡಚಿ ಲಕೋಟೆಗೆ ತುರುಕಿ ಕಳಿಸಿದ್ದಾರೆ. ಹಾಗಾಗಿ ಈ ಸಲ ಉಳಿದದ್ದನ್ನೆಲ್ಲ ಬಿಟ್ಟು ಇದೊಂದನ್ನೇ ಹಿಡಿದಿದ್ದೇನೆ. ಪಿಸಿಒಡಿ, ಪಿಸಿಒಎಸ್ ಬೇರೆ ಬೇರೆ ಕಾಯಿಲೆಯಾ ಅಂತ ಕೇಳಿದವರಿಗೆ: ನಮ್ಮ ಕಡೆ ಎರಡನ್ನೂ ಒಂದೇ ಅರ್ಥದಲ್ಲಿ ಹೇಳುತ್ತಾರೆ, ವೈದ್ಯರ ಪುಸ್ತಕದಲ್ಲಿರುವ ಹೆಸರು ಪಿಸಿಒಎಸ್. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ದೊಡ್ಡವಳಾಗಿ ಎರಡು ವರ್ಷ ಆಯಿತು. ಮುಟ್ಟು ಒಮ್ಮೆ 35 ದಿನಕ್ಕೆ ಆಗುತ್ತದೆ, ಒಮ್ಮೆ 42 ದಿನಕ್ಕೆ. ಹೊಟ್ಟೆನೋವು ಅಂದಳು ಅಂತ ಸ್ಕ್ಯಾನ್ ಮಾಡಿಸಿದೆವು. ಎರಡೂ ಅಂಡಾಶಯದಲ್ಲಿ ಪಿಸಿಒಡಿ ಇದೆ ಅಂತ ಬಂತು. ಗರ್ಭಕೋಶದ ತುಂಬ ನೀರುಗುಳ್ಳೆ, ಮುಂದೆ ಮಕ್ಕಳಾಗುವುದು ಕಷ್ಟ ಅಂತ ನನ್ನ ನಾದಿನಿ ಹೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಆಪರೇಷನ್ ಮಾಡಿ ಗುಳ್ಳೆ ತೆಗೆಸಬೇಕಾ? — ಹೆಸರು ಬೇಡ, ತುಮಕೂರು

ಉತ್ತರ: ಆಪರೇಷನ್ ಬೇಡ ಅಮ್ಮ. ಇವತ್ತಿಗೆ ಮಾತ್ರೆಯೂ ಬೇಡ. ನಿಜ ಹೇಳಬೇಕೆಂದರೆ ಪಿಸಿಒಡಿ ಇದೆಯಾ ಅಂತ ತಿಳಿಯೋಕೆ ಆ ಸ್ಕ್ಯಾನೇ ಬೇಕಿರಲಿಲ್ಲ. ಹೊಟ್ಟೆನೋವಿಗೆ ಮಾಡಿಸಿದಿರಿ, ಸರಿ, ಆದರೆ ಅಲ್ಲಿ ಕಂಡದ್ದನ್ನು ಹಿಡಿದುಕೊಂಡು ಹುಡುಗಿಗೆ ಒಂದು ಕಾಯಿಲೆಯ ಹೆಸರು ಅಂಟಿಸುವ ಹಾಗಿಲ್ಲ. ಮೊದಲ ಮುಟ್ಟಾಗಿ ಎಂಟು ವರ್ಷ ತುಂಬುವವರೆಗೆ ಪಿಸಿಒಎಸ್ ಪತ್ತೆಗೆ ಸ್ಕ್ಯಾನ್ ನಂಬಬೇಡಿ ಅಂತ ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಸರಳ. ಆ ವಯಸ್ಸಿನಲ್ಲಿ ಆರೋಗ್ಯವಾಗಿರುವ ಎಷ್ಟೋ ಹುಡುಗಿಯರ ಅಂಡಾಶಯವೂ ಹಾಗೇ ಕಾಣುತ್ತದೆ.

ಇನ್ನು ಆ ಗುಳ್ಳೆ ಏನು ಅಂತ ನೋಡೋಣ. ಮೊದಲನೆಯದಾಗಿ ಅದು ಗರ್ಭಕೋಶದಲ್ಲಿ ಇಲ್ಲ, ಅಂಡಾಶಯದಲ್ಲಿದೆ. ಎರಡನೆಯದಾಗಿ ಅದು ಗಡ್ಡೆ ಅಲ್ಲ. ಪ್ರತಿ ತಿಂಗಳು ಅಂಡಾಶಯದಲ್ಲಿ ಹಲವು ಅಂಡಗಳು ಪುಟ್ಟ ನೀರಿನ ಚೀಲದೊಳಗೆ ಕೂತು ಬೆಳೆಯಲು ಶುರು ಮಾಡುತ್ತವೆ. ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಓಡಿ, ಸುಮಾರು 2 ಸೆಂಟಿಮೀಟರ್ ಆಗಿ ಒಡೆದು ಅಂಡವನ್ನು ಹೊರಗೆ ಬಿಡುತ್ತದೆ. ಉಳಿದವು ಬಾಡಿ ಹೋಗುತ್ತವೆ. ಪಿಸಿಒಎಸ್ ಇರುವವರಲ್ಲಿ ಯಾವುದೂ ಮುಂದೆ ಓಡುವುದಿಲ್ಲ, ಎಲ್ಲವೂ 2ರಿಂದ 9 ಮಿಲಿಮೀಟರ್ ಆದಾಗ ನಿಂತುಬಿಡುತ್ತವೆ. ಸಾಸಿವೆಯಿಂದ ಕಡಲೆಕಾಳಿನಷ್ಟು ಗಾತ್ರ ಅಂದುಕೊಳ್ಳಿ. ಸ್ಕ್ಯಾನಿನಲ್ಲಿ ಅಂಡಾಶಯದ ಅಂಚಿಗೆ ಕಪ್ಪು ಮಣಿ ಪೋಣಿಸಿದ ಹಾಗೆ ಕಾಣುವುದು ಇವೇ. ಹೊರಗೆ ಬರಲಾರದೆ ಕಾಯುತ್ತಾ ಕೂತ ಅಂಡಗಳು ಅವು. ಅವನ್ನು ತೆಗೆಸಿ ಏನು ಮಾಡುತ್ತೀರಿ?

ತೆಗೆಸುವ ಯೋಚನೆ ಎಲ್ಲಿಂದ ಬಂತು ಅಂದರೆ ಅದಕ್ಕೂ ಒಂದು ಹಳೇ ಕಥೆ ಇದೆ. 1935ರಲ್ಲಿ ಶಿಕಾಗೋದ ಸ್ಟೀನ್ ಮತ್ತು ಲೆವೆಂಥಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರ ಬಗ್ಗೆ ಬರೆದರು. ಅವರಿಗೆ ಮುಟ್ಟು ಸರಿಯಿಲ್ಲ, ಅಂಡಾಶಯ ದಪ್ಪ. ಆಗ ಹೊಟ್ಟೆ ತೆರೆದು ಅಂಡಾಶಯದ ಒಂದು ಚೂರನ್ನು ಕಲ್ಲಂಗಡಿ ಹೋಳಿನ ಹಾಗೆ ಕತ್ತರಿಸಿ ತೆಗೆದರೆ ಮುಟ್ಟು ಮರಳುತ್ತಿತ್ತು. ಆ ಕಾಲ ಹೋಯಿತು, ಹೆಸರು ಮಾತ್ರ ಉಳಿಯಿತು. ಈ ಹೆಸರು ದಾರಿ ತಪ್ಪಿಸುತ್ತದೆ, ಬದಲಾಯಿಸಿ ಅಂತ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆಸಿದ್ದ ತಜ್ಞರ ಸಮಿತಿ 2012ರಲ್ಲೇ ಹೇಳಿತ್ತು. ನನ್ನನ್ನು ಕೇಳಿದರೆ ಆ ಹೆಸರಿನಲ್ಲಿರುವ ‘ಸಿಸ್ಟ್’, ಅಂದರೆ ನೀರುಗುಳ್ಳೆ, ಅನ್ನೋ ಪದವೇ ನಮ್ಮ ಅಮ್ಮಂದಿರ ಅರ್ಧ ನಿದ್ದೆ ತಿಂದಿದೆ.

ಹಾಗಾದರೆ ಏನು ನೋಡಬೇಕು? ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಎಲ್ಲ ಬರೆಯುತ್ತೀರಲ್ಲ, ಅದೇ ಕ್ಯಾಲೆಂಡರಿನಲ್ಲಿ ಮಗಳು ಮುಟ್ಟಾದ ದಿನಕ್ಕೆ ಒಂದು ಚುಕ್ಕೆ ಇಡಿ. ಅವಳೇ ಇಟ್ಟರೆ ಇನ್ನೂ ಒಳ್ಳೆಯದು. ಮೊದಲ ವರ್ಷ ಹೇಗೆ ಬಂದರೂ ಸರಿ. ಆಮೇಲೆ ಮೂರನೇ ವರ್ಷದವರೆಗೆ 21ರಿಂದ 45 ದಿನದೊಳಗೆ ಬಂದರೆ ಸರಿ. ನಿಮ್ಮ ಮಗಳದು 35, 42. ಅವಳು ಸರಿಯಾಗಿಯೇ ಇದ್ದಾಳೆ! ಮೂರು ವರ್ಷ ಕಳೆದ ಮೇಲೆ 21ರಿಂದ 35 ದಿನ ಅಂತ ಲೆಕ್ಕ. ಯಾವಾಗಲಾದರೂ ಒಂದು ಸಲ 90 ದಿನ ದಾಟಿತು, ಅಥವಾ 45 ದಿನ ಮೀರುವುದೇ ರೂಢಿಯಾಯಿತು, ಅದರ ಜೊತೆ ಗಲ್ಲದ ಮೇಲೆ ದಪ್ಪ ಕೂದಲು ಬಂತು, ಯಾವ ಕ್ರೀಮಿಗೂ ಬಗ್ಗದ ಮೊಡವೆ ಬಂತು ಅಂದರೆ ಕರೆದುಕೊಂಡು ಬನ್ನಿ. ಹದಿಹರೆಯದಲ್ಲಿ ಮುಟ್ಟಿನ ಏರುಪೇರು ಮತ್ತು ಗಂಡು ಹಾರ್ಮೋನಿನ ಲಕ್ಷಣ ಎರಡೂ ಸೇರಿದರೆ ಮಾತ್ರ ಈ ಹೆಸರು ಹೇಳುತ್ತೇವೆ. ಒಂದೇ ಇದ್ದರೆ ಕಾಯುತ್ತೇವೆ.

ಸದ್ಯಕ್ಕೆ ರಿಪೋರ್ಟನ್ನು ಬೀರುವಿನಲ್ಲಿಡಿ. ನಾದಿನಿಗೆ ಈ ಪುಟ ಓದಲು ಕೊಡಿ.

ಪ್ರಶ್ನೆ: ವಯಸ್ಸು 24, ಎತ್ತರ 158 ಸೆಂ.ಮೀ., ತೂಕ 74 ಕೆ.ಜಿ. ಸಾಫ್ಟ್‌ವೇರ್ ಕೆಲಸ, ಮನೆಗೆ ಬರುವಾಗ ರಾತ್ರಿ ಹನ್ನೊಂದಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪೀರಿಯಡ್ಸ್. ಕುತ್ತಿಗೆ ಸುತ್ತ ಕಪ್ಪಾಗಿದೆ, ಅಮ್ಮ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಚರ್ಮ ಸುಲಿದು ಹೋಯಿತು, ಕಪ್ಪು ಹೋಗಲಿಲ್ಲ. ಗಲ್ಲದಲ್ಲಿ ಕೂದಲು, ಹತ್ತು ದಿನಕ್ಕೊಮ್ಮೆ ಥ್ರೆಡಿಂಗ್. ಆಫೀಸಿನಲ್ಲಿ ಮಾಸ್ಕ್ ತೆಗೆಯುವುದೇ ಇಲ್ಲ, ಕ್ಯಾಂಟೀನಿಗೂ ಹೋಗುವುದಿಲ್ಲ. ಅಪ್ಪನಿಗೆ ಶುಗರ್ ಇದೆ. ನನ್ನ ಖಾಲಿಹೊಟ್ಟೆ ಶುಗರ್ 96, ನಾರ್ಮಲ್ ಅಂದರು. ಹಾಗಿದ್ದರೆ ಇದೆಲ್ಲ ಯಾಕೆ? — ಬೆಂಗಳೂರು

ಉತ್ತರ: ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಅದು ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದಾಗ ಕುತ್ತಿಗೆ, ಕಂಕುಳು, ತೊಡೆಸಂದಿಯ ಚರ್ಮ ದಪ್ಪವಾಗಿ ಮಖಮಲ್ಲಿನ ಹಾಗೆ ಕಪ್ಪಾಗುತ್ತದೆ. ಒಳಗಿನ ಕಾರಣ ಇಳಿದರೆ ನಿಧಾನಕ್ಕೆ ತಾನೇ ತಿಳಿಯಾಗುತ್ತದೆ.

ಇನ್ಸುಲಿನ್ನಿಗೂ ಗಲ್ಲದ ಕೂದಲಿಗೂ ಏನು ಸಂಬಂಧ ಅಂತೀರಾ? ಮನೆಯಲ್ಲಿ ಕಿವಿ ಮಂದವಾದ ಅಜ್ಜ ಇದ್ದಾರೆ ಅಂದುಕೊಳ್ಳಿ. ‘ತಾತಾ, ಊಟಕ್ಕೆ ಬಾ’ ಅಂತ ಮೆಲ್ಲಗೆ ಕರೆದರೆ ಅವರಿಗೆ ಕೇಳಿಸುವುದಿಲ್ಲ. ಅದಕ್ಕೆ ನೀವು ಗಂಟಲು ಹರಿಯುವ ಹಾಗೆ ಕೂಗುತ್ತೀರಿ. ಅಜ್ಜನಿಗೆ ಅಂತೂ ಕೇಳಿಸುತ್ತದೆ, ಬಂದು ಊಟಕ್ಕೆ ಕೂರುತ್ತಾರೆ. ಆದರೆ ಕಿವಿ ಚೆನ್ನಾಗಿರುವ ಪಕ್ಕದ ಮನೆಯವರು ಗಾಬರಿಯಿಂದ ಓಡಿ ಬರುತ್ತಾರೆ. ಇಲ್ಲಿ ಅಜ್ಜ ಅಂದರೆ ನಿಮ್ಮ ಸ್ನಾಯುಗಳು. ಸಕ್ಕರೆಯನ್ನು ಒಳಗೆ ತೆಗೆದುಕೋ ಅಂತ ಇನ್ಸುಲಿನ್ ಹೇಳಿದ್ದು ಅವಕ್ಕೆ ಕೇಳಿಸುತ್ತಿಲ್ಲ. ಅದಕ್ಕೆ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಪಕ್ಕದ ಮನೆಯವರು ಅಂದರೆ ಅಂಡಾಶಯ ಮತ್ತು ಕುತ್ತಿಗೆಯ ಚರ್ಮ. ಅಂಡಾಶಯ ಆ ಕೂಗು ಕೇಳಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಸಾಲದ್ದಕ್ಕೆ ಈ ಹಾರ್ಮೋನನ್ನು ಕಟ್ಟಿಹಾಕುವ ಒಂದು ಪ್ರೋಟೀನ್ ಯಕೃತ್ತಿನಲ್ಲಿ ತಯಾರಾಗುತ್ತದೆ, ಇನ್ಸುಲಿನ್ ಏರಿದರೆ ಅದೂ ಕಡಿಮೆಯಾಗುತ್ತದೆ. ಹೀಗೆ ಬಿಡುಬೀಸಾಗಿ ಓಡಾಡುವ ಹಾರ್ಮೋನೇ ಗಲ್ಲದಲ್ಲಿ ಕೂದಲು, ಮುಖದಲ್ಲಿ ಮೊಡವೆ ತರಿಸುವುದು, ಅಂಡ ಬೆಳೆಯದಂತೆ ತಡೆಯುವುದು. ಹೆಂಗಸರ ಮೈಯಲ್ಲಿ ಟೆಸ್ಟೋಸ್ಟೆರಾನ್ ಇರುವುದು ಸಹಜವೇ, ಇಲ್ಲಿ ಅಳತೆ ತಪ್ಪಿದೆ ಅಷ್ಟೇ.

ಈಗ ನಿಮ್ಮ 96ರ ವಿಷಯ. ಅಜ್ಜ ಊಟಕ್ಕೆ ಬಂದಿದ್ದಾರಲ್ಲ, ಅದಕ್ಕೇ ಶುಗರ್ ನಾರ್ಮಲ್. ಎಷ್ಟು ಕೂಗಬೇಕಾಯಿತು ಅನ್ನುವುದು ಆ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಖಾಲಿಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುವ ಪರೀಕ್ಷೆ ಮಾಡಿಸಿ. 140ರ ಒಳಗಿದ್ದರೆ ಸರಿ, 140ರಿಂದ 199 ಇದ್ದರೆ ಶುಗರಿನ ಹೊಸ್ತಿಲು, 200 ಮುಟ್ಟಿದರೆ ಶುಗರ್. ಜೊತೆಗೆ ಬಿಪಿ, ಕೊಲೆಸ್ಟ್ರಾಲ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟೆರಾನ್, 17 ಹೈಡ್ರಾಕ್ಸಿ ಪ್ರೊಜೆಸ್ಟೆರಾನ್. ಇಷ್ಟೊಂದು ಯಾಕೆ ಅಂದರೆ ಥೈರಾಯ್ಡ್ ಮತ್ತು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ತೊಂದರೆಗಳೂ ಇದೇ ವೇಷ ಹಾಕಿಕೊಂಡು ಬರುತ್ತವೆ. ಅವನ್ನು ತಳ್ಳಿಹಾಕಿದ ಮೇಲೆ, ಮೂರರಲ್ಲಿ ಎರಡು ಇದ್ದರೆ ಪಿಸಿಒಎಸ್ ಅನ್ನುತ್ತೇವೆ: ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯ. 2003ರಲ್ಲಿ ರಾಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಮಾಡಿದ ಲೆಕ್ಕ ಇದು. ನಿಮಗೆ ಮೊದಲ ಎರಡು ಇವೆ, ಹಾಗಾಗಿ ಮೂರನೆಯದಕ್ಕೆ ಸ್ಕ್ಯಾನ್ ಮಾಡಿಸದಿದ್ದರೂ ನಡೆಯುತ್ತದೆ.

ತೂಕದ ಬಗ್ಗೆ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸುಮಾರು 29.6. ನಮ್ಮ ದೇಶದವರಿಗೆ 23 ದಾಟಿದರೆ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಇದನ್ನು ಕೇಳಿ ‘20 ಕೆ.ಜಿ. ಇಳಿಸಬೇಕು’ ಅಂತ ಉಪವಾಸ ಕೂರಬೇಡಿ. ತೂಕದ ನೂರರಲ್ಲಿ ಐದು ಭಾಗ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸುಧಾರಿಸುತ್ತದೆ. ನಿಮ್ಮ ಲೆಕ್ಕದಲ್ಲಿ 4 ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಆರು ತಿಂಗಳು ಇಟ್ಟುಕೊಳ್ಳಿ.

ಊಟದ ಪಟ್ಟಿ ಕೊಡಿ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೊಡುವುದಿಲ್ಲ, ಕೊಟ್ಟರೆ ಫ್ರಿಜ್ಜಿಗೆ ಅಂಟಿಸುತ್ತೀರಿ, ಅಲ್ಲಿಗೆ ಮುಗಿಯಿತು. ಮೊದಲು ನಿಮ್ಮ ಕಾಫಿ ಟೀ ಲೆಕ್ಕ ಹಾಕಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 50 ಗ್ರಾಂ ಹತ್ತಿರ ಬಂತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಆಮೇಲೆ ತಟ್ಟೆ ನೋಡಿ. ನಮ್ಮ ತಟ್ಟೆಯಲ್ಲಿ ಅನ್ನದ ಗುಡ್ಡ, ಅದರ ಬುಡದಲ್ಲಿ ಉಪ್ಪಿನಕಾಯಿಯಷ್ಟು ಪಲ್ಯ. ಅದನ್ನು ತಿರುಗಿಸಿ. ಅನ್ನ ಅರ್ಧ ಮಾಡಿ, ಸೊಪ್ಪು ತರಕಾರಿ ಎರಡರಷ್ಟು ಮಾಡಿ, ಹುರುಳಿಯೋ ಹೆಸರುಕಾಳೋ ಅವರೆಕಾಳೋ ಕೈತುಂಬ ಇರುವ ಸಾರು ಮಾಡಿ. ಮೊಟ್ಟೆ, ಮೀನು ತಿನ್ನುವವರಾದರೆ ತಿನ್ನಿ. ರಾತ್ರಿ ಹನ್ನೊಂದಕ್ಕೆ ಬಂದು ಹೋಟೆಲಿನಿಂದ ತರಿಸಿದ ಫ್ರೈಡ್ ರೈಸ್ ತಿನ್ನುವುದಿದೆಯಲ್ಲ, ನಾನಾಗಿದ್ದರೆ ಬದಲಾವಣೆಯನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಸಂಜೆ ಏಳಕ್ಕೆ ಆಫೀಸಿನಲ್ಲೇ ಡಬ್ಬಿ ಬಿಚ್ಚಿ. ಮಾಸ್ಕ್ ತೆಗೆಯಬೇಕಾಗುತ್ತದೆ, ಗೊತ್ತು, ಅದಕ್ಕೂ ಬರುತ್ತೇನೆ.

ವ್ಯಾಯಾಮ ವಾರಕ್ಕೆ 150 ನಿಮಿಷ, ತೂಕವೂ ಇಳಿಯಬೇಕಾದರೆ 250ರ ಹತ್ತಿರ. ಬರೀ ವಾಕಿಂಗ್ ಸಾಲದು. ವಾರಕ್ಕೆ ಎರಡು ದಿನವಾದರೂ ಭಾರ ಎತ್ತಿ, ಬೈಠಕ್ ಹೊಡೆಯಿರಿ. ಸ್ನಾಯು ದುಡಿದಷ್ಟೂ ಅಜ್ಜನ ಕಿವಿ ಚುರುಕಾಗುತ್ತದೆ. ಜಿಮ್ಮೇ ಬೇಕಿಲ್ಲ, 5 ಲೀಟರ್ ಎಣ್ಣೆ ಕ್ಯಾನ್ ಎರಡು ಇದ್ದರೆ ಸಾಕು.

ಇಷ್ಟರ ಜೊತೆ ನಿಮ್ಮ ವೈದ್ಯರು ಮೆಟ್‌ಫಾರ್ಮಿನ್ ಕೊಡಬಹುದು. ‘ಶುಗರ್ ಮಾತ್ರೆ ನನಗ್ಯಾಕೆ’ ಅನ್ನಬೇಡಿ, ಅದೂ ಕಿವಿಯ ಔಷಧವೇ. ಊಟದ ಜೊತೆ ನುಂಗಿ. ಮೊದಲ ವಾರ ಹೊಟ್ಟೆ ಗುಡುಗುಡು ಅನ್ನುತ್ತದೆ, ಅದಕ್ಕೇ 500 ಮಿಲಿಗ್ರಾಂನಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಆಗಾಗ ನೋಡಿಸಿ. ಜನೌಷಧಿ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಕೂದಲು. ಥ್ರೆಡಿಂಗ್ ಮಾಡಿ, ರೇಜರ್ ಬಳಸಿದರೂ ತಪ್ಪಿಲ್ಲ. ಬೋಳಿಸಿದರೆ ಕೂದಲು ದಪ್ಪವಾಗಿ ಬರುತ್ತದೆ ಅನ್ನುವುದು ಸುಳ್ಳು, ತುದಿ ಚಪ್ಪಟೆಯಾಗಿ ಕತ್ತರಿಸಿರುವುದರಿಂದ ಹಾಗೆ ಅನ್ನಿಸುತ್ತದೆ. ಲೇಸರ್ ಮಾಡಿಸಬಹುದು, ಆದರೆ ಹಾರ್ಮೋನಿಗೆ ಚಿಕಿತ್ಸೆ ಇಲ್ಲದೆ ಬರೀ ಲೇಸರಿಗೆ ದುಡ್ಡು ಸುರಿದರೆ ಮತ್ತೆ ಬರುತ್ತದೆ. ಹಾರ್ಮೋನಿಗೆ ಮಾತ್ರೆ ಶುರು ಮಾಡಿದ ಮೇಲೂ ಫಲ ಕಾಣಲು ಆರು ತಿಂಗಳು ಬೇಕು, ಕೂದಲು ಬೆಳೆಯುವ ವೇಗವೇ ಅಷ್ಟು. ಒಂದು ಎಚ್ಚರಿಕೆ: ಎರಡು ಮೂರು ತಿಂಗಳಲ್ಲೇ ಮೈತುಂಬ ಕೂದಲು ಬಂದು, ದನಿ ಗಡಸಾದರೆ ಅದು ಪಿಸಿಒಎಸ್ ಚಾಳಿ ಅಲ್ಲ. ಅಂಥವರು ಕಾಯದೆ ವೈದ್ಯರ ಹತ್ತಿರ ಓಡಬೇಕು.

ಇನ್ನು ಮಾಸ್ಕ್. ಪಿಸಿಒಎಸ್ ಇರುವವರಲ್ಲಿ ಆತಂಕ, ಖಿನ್ನತೆ ಉಳಿದವರಿಗಿಂತ ಜಾಸ್ತಿ, ಇದು ಕಾಯಿಲೆಯದೇ ಭಾಗ. ವೈದ್ಯರು ಕೇಳದಿದ್ದರೂ ನೀವೇ ಹೇಳಿ. ‘ಕ್ಯಾಂಟೀನಿಗೆ ಹೋಗುವುದಿಲ್ಲ’ ಅಂತ ನೀವು ಬರೆದ ಸಾಲು ಗಲ್ಲದ ಕೂದಲಿಗಿಂತ ನನಗೆ ಜಾಸ್ತಿ ಚುಚ್ಚಿತು. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಹನ್ನೊಂದರ ಮೇಲೂ ಎತ್ತುತ್ತಾರೆ.

ಪ್ರಶ್ನೆ: ಮೊಬೈಲಿನಲ್ಲಿ ನೋಡಿ ಹಾಲು, ಮೊಸರು, ಗೋಧಿ ಎಲ್ಲ ಬಿಟ್ಟೆ. ಅಗಸೆಬೀಜ, ಪುದೀನ ಟೀ ಶುರು ಮಾಡಿದೆ. ಒಂದು ಪುಡಿಗೆ 3,800 ರೂಪಾಯಿ ಕೊಟ್ಟೆ. ರಾಗಿ ತಿಂದರೆ ಪಿಸಿಒಡಿ ವಾಸಿಯಾಗುತ್ತದಾ? — 26 ವರ್ಷ, ಹಾಸನ

ಉತ್ತರ: ಹಾಲು ಕುಡಿದರೆ ನಿಮಗೆ ಹೊಟ್ಟೆ ಉಬ್ಬರಿಸುತ್ತದಾ? ಇಲ್ಲ ಅಂದರೆ ಬಿಡಬೇಕಿಲ್ಲ. ಗೋಧಿಯದ್ದೂ ಅಷ್ಟೇ. ಇಂಥದ್ದೇ ಊಟ ಪಿಸಿಒಎಸ್‌ಗೆ ಮೇಲು ಅಂತ ಯಾರೂ ತೋರಿಸಿಲ್ಲ. ವರ್ಷಗಟ್ಟಲೆ ಮಾಡಲು ಆಗುವುದೇ ಒಳ್ಳೆಯ ಊಟ. ಹಾಸನದವರು ಮೊಸರಿಲ್ಲದೆ ಎಷ್ಟು ದಿನ ಇರುತ್ತೀರಿ ಹೇಳಿ. ರಾಗಿ ಒಳ್ಳೆಯದು, ನಾರು, ಸುಣ್ಣದ ಅಂಶ ಎರಡೂ ಇವೆ. ಆದರೆ ಅದೂ ಹಿಟ್ಟೇ. ನುಣ್ಣಗೆ ಗಂಜಿ ಮಾಡಿ ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಸರ್ರಂತ ಏರುತ್ತದೆ. ಒಂದು ಮುದ್ದೆ, ಅದಕ್ಕೆ ಬಸ್ಸಾರು, ಪಕ್ಕದಲ್ಲಿ ಅದೇ ಸೊಪ್ಪಿನ ಪಲ್ಯ, ಇದು ಊಟ. ಎರಡನೇ ಮುದ್ದೆ ಗದ್ದೆ ಕೆಲಸಕ್ಕೆ ಹೋಗುವವರಿಗೆ. ಅಗಸೆಬೀಜ ಚಟ್ನಿಪುಡಿ ಮಾಡಿ ತಿನ್ನಿ, ರುಚಿಯಾಗಿರುತ್ತದೆ. ಪುಡಿ ಡಬ್ಬಿಯ ಹಿಂದೆ ಇನೊಸಿಟಾಲ್ ಅಂತ ಬರೆದಿದ್ದರೆ ಅದರಿಂದ ಕೆಡುಕು ಕಡಿಮೆ, ಒಳಿತಿನ ಪುರಾವೆಯೂ ಗಟ್ಟಿಯಿಲ್ಲ. ಏನೇನಿದೆ ಅಂತ ಬರೆದೇ ಇಲ್ಲದಿದ್ದರೆ ತಿಪ್ಪೆಗೆ ಹಾಕಿ. 3,800 ಹೋಯಿತು, ಹೋಗಲಿ ಬಿಡಿ.

ಪ್ರಶ್ನೆ: ನಾನು ತೆಳ್ಳಗಿದ್ದೇನೆ, 46 ಕೆ.ಜಿ. ನನಗೂ ಪಿಸಿಒಎಸ್ ಅಂದರು. ತಪ್ಪು ಹೇಳಿರಬಹುದಾ? — 22 ವರ್ಷ, ಶಿರಸಿ

ಉತ್ತರ: ತೆಳ್ಳಗಿರುವವರಿಗೂ ಬರುತ್ತದೆ. ಆದರೆ ಊಟ ತೀರಾ ಕಡಿಮೆಯಾಗಿ, ಓಟ ವ್ಯಾಯಾಮ ಜಾಸ್ತಿಯಾಗಿಯೂ ಮುಟ್ಟು ನಿಲ್ಲುತ್ತದೆ, ಅದು ಬೇರೆ. ಅದಕ್ಕೆ ಚಿಕಿತ್ಸೆ ಪೂರ್ತಿ ಉಲ್ಟಾ, ಚೆನ್ನಾಗಿ ತಿನ್ನಬೇಕು. ಇವೆರಡರಲ್ಲಿ ಯಾವುದು ಅಂತ ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ. ತೂಕ ಇಳಿಸಿ ಅಂತ ಯಾರಾದರೂ ನಿಮಗೆ ಹೇಳಿದರೆ ಎದ್ದು ಬನ್ನಿ.

ಪ್ರಶ್ನೆ: ಮದುವೆಯಾಗಿ ಮೂರು ವರ್ಷ ಆತ್ರಿ, ಮಕ್ಕಳಿಲ್ಲ. ನನಗ ಪಿಸಿಒಡಿ ಐತಿ ಅಂತ ಗೊತ್ತಾದ ಮ್ಯಾಲೆ ಅತ್ತಿ ಮಾತೇ ಬಿಟ್ಟಾರ. ಡಾಕ್ಟರು ಲೆಟ್ರೊಜೋಲ್ ಬರೆದುಕೊಟ್ಟರು. ಔಷಧಿ ಅಂಗಡಿಯಂವ ‘ಇದು ಕ್ಯಾನ್ಸರ್ ಗುಳಿಗಿ’ ಅಂದ. ಹೆದರಿಕಿ ಆಗಿ ತಗೊಂಡಿಲ್ಲ. ಐವಿಎಫ್ ಮಾಡಿಸಬೇಕೇನ್ರಿ? — 28 ವರ್ಷ, ಹುಬ್ಬಳ್ಳಿ

ಉತ್ತರ: ಗುಳಿಗಿ ತಗೋರಿ ತಂಗಿ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಲೆಟ್ರೊಜೋಲ್ ಹುಟ್ಟಿದ್ದು ಸ್ತನ ಕ್ಯಾನ್ಸರಿಗೆ, ಅಲ್ಲಿ ದಿನಾ ವರ್ಷಗಟ್ಟಲೆ ಕೊಡುತ್ತಾರೆ. ನಿಮಗೆ ಮುಟ್ಟಿನ ಶುರುವಿನಲ್ಲಿ ಐದು ದಿನ ಮಾತ್ರ. ಈ ಗುಳಿಗೆಯಿಂದ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಸ್ವಲ್ಪ ಹೊತ್ತು ಇಳಿದಾಗ ಮೆದುಳು ಅಂಡಾಶಯಕ್ಕೆ ‘ಏಳು, ಕೆಲಸ ಮಾಡು’ ಅಂತ ಹಾರ್ಮೋನ್ ಕಳಿಸುತ್ತದೆ, ಕಾದು ಕೂತ ಅಂಡಗಳಲ್ಲಿ ಒಂದು ಮುಂದೆ ಬರುತ್ತದೆ. ನಮ್ಮ ದೇಶದಲ್ಲಿ 2011ರಲ್ಲಿ ಬಂಜೆತನಕ್ಕೆ ಇದನ್ನು ಕೊಡಬಾರದು ಅಂತ ನಿಷೇಧ ಇತ್ತು, 2017ರಲ್ಲಿ ತೆಗೆದರು. ಆ ಹೆದರಿಕೆ ಕೆಲವು ಅಂಗಡಿಗಳ ಕೌಂಟರಿನಲ್ಲಿ ಇನ್ನೂ ಉಳಿದಿದೆ ಅಂತ ಕಾಣುತ್ತದೆ. 2014ರಲ್ಲಿ ಅಮೆರಿಕದಲ್ಲಿ ಪಿಸಿಒಎಸ್ ಇರುವ 750 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಹಳೆಯ ಕ್ಲೊಮಿಫೀನ್ ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 19 ಮಂದಿಗೆ ಮಗುವಾದರೆ, ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ನೂರಕ್ಕೆ 27 ಮಂದಿಗೂ ಮೀರಿ ಆಯಿತು. ಅಲ್ಲಿಂದ ಇದೇ ಮೊದಲ ಆಯ್ಕೆ.

ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆಯ ಬಾಗಿಲು ತೀರಾ ಕೊನೆಯಲ್ಲಿದೆ. ಈ ಗುಳಿಗೆ, ಆಮೇಲೆ ಬೇಕಾದರೆ ಇಂಜೆಕ್ಷನ್, ಇವೆಲ್ಲ ಆದ ಮೇಲಿನ ಮಾತು. ಈಗಿನಿಂದಲೇ ಫೋಲಿಕ್ ಆಸಿಡ್ ಶುರು ಮಾಡಿ. ಗರ್ಭ ನಿಂತರೆ ಮೊದಲ ಭೇಟಿಯಲ್ಲೇ ಶುಗರ್ ಪರೀಕ್ಷೆ ಕೇಳಿ ಮಾಡಿಸಿ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ. ಪಿಸಿಒಎಸ್ ಇದ್ದವರಿಗೆ ಬಸಿರಿನ ಶುಗರ್ ಬರುವುದು ಹೆಚ್ಚು.

ನಿಮ್ಮ ಪತ್ರ ಎರಡು ಪುಟ ಇದೆ. ಅದರಲ್ಲಿ ನಿಮ್ಮ ಸ್ಕ್ಯಾನ್ ಐದು, ರಕ್ತಪರೀಕ್ಷೆ ಎಂಟು ಇವೆ. ಯಜಮಾನರದು ಒಂದೂ ಇಲ್ಲ. ಗುಳಿಗೆ ನುಂಗುವ ಮೊದಲು ಅವರ ವೀರ್ಯ ಪರೀಕ್ಷೆ ಆಗಲಿ. ಅರ್ಧ ದಿನದ ಕೆಲಸ, ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಅವರು ಒಪ್ಪುತ್ತಿಲ್ಲ ಅಂದರೆ ಅತ್ತೆಯವರಿಗೆ ಹೇಳಿ, ಅವರೇ ಕರೆದುಕೊಂಡು ಹೋಗಲಿ. ಮಾತು ಶುರುವಾಗಲು ಅದೂ ಒಂದು ದಾರಿ.

ಪ್ರಶ್ನೆ: ಮುಟ್ಟು ಐದು ತಿಂಗಳಿಂದ ಆಗಲಿಲ್ಲ ಅಂತ ಡಾಕ್ಟರು 21 ಮಾತ್ರೆಯ ಸ್ಟ್ರಿಪ್ ಕೊಟ್ಟರು. ಅಮ್ಮನಿಗೆ ಬ್ಯಾಗಿನಲ್ಲಿ ಅದು ಸಿಕ್ಕಿ ರಂಪ ಆಯಿತು. ಮದುವೆಯಾಗದ ಹುಡುಗಿಗೆ ಮಕ್ಕಳಾಗದ ಮಾತ್ರೆ ಯಾಕೆ ಅಂತ. ತೆಗೆದುಕೊಳ್ಳಲಾ ಬಿಡಲಾ? — 21 ವರ್ಷ, ಉಡುಪಿ

ಉತ್ತರ: ಅಮ್ಮನಿಗೆ ಇದನ್ನು ಓದಿ ಹೇಳು ಮಗಳೇ. ಗರ್ಭಕೋಶದ ಒಳಗೋಡೆ ಪ್ರತಿ ತಿಂಗಳು ದಪ್ಪವಾಗಿ ಉದುರಬೇಕು, ಅದೇ ಮುಟ್ಟು. ಅಂಡ ಬಿಡುಗಡೆಯಾಗದಿದ್ದರೆ ಉದುರಿಸುವ ಹಾರ್ಮೋನ್ ಬರುವುದಿಲ್ಲ. ಹಳೇ ಸುಣ್ಣ ಕೆರೆಯದೆ ಮೇಲಿಂದ ಮೇಲೆ ಸುಣ್ಣ ಬಳಿದ ಗೋಡೆ ನೋಡಿದ್ದೀಯಲ್ಲ, ಒಂದು ದಿನ ಚಕ್ಕೆ ಚಕ್ಕೆಯಾಗಿ ಎಲ್ಲೆಂದರಲ್ಲಿ ಉದುರುತ್ತದೆ. ಐದು ತಿಂಗಳು ಬಿಟ್ಟು ಹದಿನೈದು ದಿನ ರಕ್ತ ಹೋಗುವುದು ಅದಕ್ಕೇ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಗೋಡೆಯಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ನಿನ್ನ ವಯಸ್ಸಿನಲ್ಲಿ ಅದು ತೀರಾ ಅಪರೂಪ, ಹೆದರಬೇಡ, ಆದರೆ ಮೂರು ತಿಂಗಳಿಗೆ ಒಮ್ಮೆಯಾದರೂ ಮುಟ್ಟಾಗಲೇಬೇಕು ಅನ್ನುವುದು ಈ ಕಾರಣಕ್ಕೆ.

ಆ ಮಾತ್ರೆ ಒಳಗೋಡೆಯನ್ನು ತೆಳ್ಳಗಿಡುತ್ತದೆ, ಟೆಸ್ಟೋಸ್ಟೆರಾನನ್ನು ಕಟ್ಟಿಹಾಕುತ್ತದೆ, ಮೊಡವೆ ಇಳಿಸುತ್ತದೆ. ಬಿಟ್ಟ ಮೇಲೆ ಮಕ್ಕಳಾಗಲು ಅಡ್ಡಿಯಿಲ್ಲ. ಆದರೆ ಬಿಟ್ಟರೆ ಮುಟ್ಟು ಮತ್ತೆ ಹಿಂದಿನ ಹಾಗೇ ಆಗಬಹುದು, ಮಾತ್ರೆ ಪಿಸಿಒಎಸ್ಸನ್ನು ಬುಡದಿಂದ ಕೀಳುವುದಿಲ್ಲ. ಅದನ್ನು ಹೇಳದೆ ಕೊಟ್ಟರೆ ಹುಡುಗಿಯರು ‘ಮಾತ್ರೆಯಿಂದಲೇ ಹಾಳಾಯಿತು’ ಅಂದುಕೊಳ್ಳುತ್ತಾರೆ. ನಿನಗೆ ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಅರೆತಲೆನೋವು ಇದ್ದರೆ, ಬಿಪಿ ಜಾಸ್ತಿ ಇದ್ದರೆ, ನಿನಗೋ ಅಮ್ಮನಿಗೋ ಯಾವತ್ತಾದರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ವೈದ್ಯರಿಗೆ ಹೇಳು, ಆಗ ಬೇರೆ ಮಾತ್ರೆ ಕೊಡುತ್ತಾರೆ. ನುಂಗಲು ಶುರು ಮಾಡಿದ ಮೇಲೆ ಒಂದೇ ಕಾಲು ಊದಿ ನೋವಾದರೆ, ಎದೆ ಹಿಡಿದು ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗು.

ಪ್ರಶ್ನೆ: ವಯಸ್ಸು 41, ಇಬ್ಬರು ಮಕ್ಕಳು. ಮೊದಲಿಂದಲೂ ಪಿಸಿಒಡಿ. ಈಗ ಜಾಸ್ತಿ ರಕ್ತ ಹೋಗುತ್ತಿದೆ. ಮಕ್ಕಳಾಗಿವೆಯಲ್ಲ, ಗರ್ಭಚೀಲ ತೆಗೆಸಿಬಿಡಿ, ಎಲ್ಲ ಮುಗಿಯುತ್ತದೆ ಅನ್ನುತ್ತಾರೆ. — ಕಲಬುರಗಿ

ಉತ್ತರ: ಮುಗಿಯುವುದಿಲ್ಲ. ಗರ್ಭಚೀಲ ಹೋದರೂ ಶುಗರ್, ಬಿಪಿ, ಕೊಲೆಸ್ಟ್ರಾಲ್ ಅಪಾಯ ಅಲ್ಲೇ ಇರುತ್ತದೆ. ನಿಮ್ಮ ಜಿಲ್ಲೆಯ ತಾಂಡಾಗಳಲ್ಲಿ ಬೇಡದ ಗರ್ಭಚೀಲ ಆಪರೇಷನ್‌ಗಳ ಬಗ್ಗೆ ಹಿಂದೆ ಪತ್ರಿಕೆಗಳಲ್ಲಿ ಬಂದಿದ್ದು ನಿಮಗೆ ನೆನಪಿರಬಹುದು. ಆದರೆ ರಕ್ತ ಜಾಸ್ತಿ ಹೋಗುವುದನ್ನು ನಾನು ಹಗುರ ಮಾಡುತ್ತಿಲ್ಲ. 41ರಲ್ಲಿ, ಇಷ್ಟು ವರ್ಷದ ಪಿಸಿಒಎಸ್ ಹಿನ್ನೆಲೆ ಇರುವಾಗ, ಒಳಗೋಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಮೊದಲು ಅದು. ಅದು ಸರಿಯಿದ್ದರೆ ಹಾರ್ಮೋನ್ ಇರುವ ಕಾಪರ್‌-ಟಿಯಂಥ ಸಾಧನ ಒಳಗಿಟ್ಟರೆ ಐದು ವರ್ಷ ನೆಮ್ಮದಿ. ಹಿಮೋಗ್ಲೋಬಿನ್ ನೋಡಿಸಿ. ಚೂರು ಪರೀಕ್ಷೆ ಮಾಡದೆ ಯಾರಾದರೂ ನೇರ ಆಪರೇಷನ್ ತಾರೀಖು ಕೊಟ್ಟರೆ ಇನ್ನೊಬ್ಬ ವೈದ್ಯರನ್ನು ಕೇಳಿ.

ಪ್ರಶ್ನೆ: ನಾನು ಗಂಡಸು, 30 ವರ್ಷ. ಹೆಣ್ಣು ನೋಡಿ ಬಂದೆವು, ಒಪ್ಪಿಗೆ ಆಯಿತು. ಆಮೇಲೆ ಆ ಹುಡುಗಿಯೇ ಫೋನ್ ಮಾಡಿ ತನಗೆ ಪಿಸಿಒಡಿ ಇದೆ, ಮುಚ್ಚಿಡಲು ಇಷ್ಟವಿಲ್ಲ ಅಂದಳು. ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ನಮ್ಮ ಮನೆಯಲ್ಲಿ ಅಪ್ಪನಿಗೆ, ದೊಡ್ಡಪ್ಪನಿಗೆ ಶುಗರ್ ಬಿಟ್ಟರೆ ಯಾರಿಗೂ ಏನೂ ತೊಂದರೆ ಇಲ್ಲ. ಮದುವೆಯಾಗಬಹುದಾ? — ಮಂಡ್ಯ

ಉತ್ತರ: ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ಇದು ಇದೆ, ಅವರಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ನೀವು ಈ ಹುಡುಗಿಯನ್ನು ಬಿಟ್ಟು ಇನ್ನೊಬ್ಬಳನ್ನು ನೋಡಲು ಹೋದರೆ ಅವಳಿಗೂ ಇರಬಹುದು, ಅವಳು ಹೇಳದೇ ಇರಬಹುದು ಅಷ್ಟೇ. ಪಿಸಿಒಎಸ್ ಇರುವ ಹೆಚ್ಚಿನವರಿಗೆ ಮಕ್ಕಳಾಗುತ್ತವೆ, ಕೆಲವರಿಗೆ ತಾನಾಗಿ, ಕೆಲವರಿಗೆ ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ ಐದು ದಿನದ ಗುಳಿಗೆಯಿಂದ. ಎಷ್ಟೋ ಸಲ ಬೇಡವಾದಾಗಲೂ ಆಗುತ್ತವೆ, ಅಂಡ ಯಾವ ತಿಂಗಳು ಬರುತ್ತದೆ ಅಂತ ಹೇಳಲಾಗದ ಕಾರಣ ‘ಪಿಸಿಒಡಿ ಇದೆಯಲ್ಲ, ಏನಾಗಲ್ಲ’ ಅಂತ ನಂಬಿ ಬಂದ ಎಷ್ಟೋ ಜೋಡಿಗಳನ್ನು ನಾನು ನೋಡಿದ್ದೇನೆ. ಇಬ್ಬರೂ ಒಮ್ಮೆ ಒಟ್ಟಿಗೆ ವೈದ್ಯರ ಹತ್ತಿರ ಹೋಗಿ ಕೂತು ಮಾತಾಡಿ.

ಹಾಗೇ ಒಂದು ಮಾತು. ‘ಅಪ್ಪನಿಗೆ, ದೊಡ್ಡಪ್ಪನಿಗೆ ಶುಗರ್ ಬಿಟ್ಟರೆ’ ಅಂತ ಬರೆದಿದ್ದೀರಿ. ನಿಮಗೆ 30. ಕೊನೆಯ ಸಲ ನೀವು ಶುಗರ್ ನೋಡಿಸಿದ್ದು ಯಾವಾಗ? ಅವಳು ತನ್ನ ರಿಪೋರ್ಟ್ ಹೇಳಿದ್ದಾಳಲ್ಲ, ನಿಮ್ಮದನ್ನೂ ಮಾಡಿಸಿಕೊಂಡು ಅವಳಿಗೆ ಒಂದು ಫೋನ್ ಮಾಡಿ.